ಜುಕೆರಾನ್ ಮೇಷ್ಟ್ರ ಐದು ಪಟ್ಟುಗಳು

ನಮ್ಮ ದ್ವೀಪದಲ್ಲಿ ಯುದ್ಧ ಮುಗಿದು ಹದಿನೆಂಟು ವರ್ಷವಾಗಿತ್ತು. ಯೋನಾಬಾರು ಸಂತೆಯಲ್ಲಿ ಹಡಗುಕಟ್ಟೆಯ ಕೂಲಿಯವನೊಬ್ಬ ಬೆಳಬೆಳಗ್ಗೆಯೇ ಕುಡಿದು ಬಂದು, ಮೀನು ಹಳಸಿದೆ ಎಂದು ಜಗಳ ತೆಗೆದು, ಮಾರುವ ನಾಬೆ ಅಕ್ಕನ ಮಣಿಕಟ್ಟು ಹಿಡಿದುಬಿಟ್ಟ. ಅವಳು ಎಳೆದಾಡಲಿಲ್ಲ, ಕೂಗಲೂ ಇಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಅವನ ಹೆಬ್ಬೆರಳಿನ ಕಡೆಗೆ ಕೈ ಹೊರಳಿಸಿ, ಓರೆಯಾಗಿ ಒಂದು ಹೆಜ್ಜೆ ಇಟ್ಟಳು. ಆ ಹೆಜ್ಜೆ ಅವನ ಪಾದದ ಮೇಲೆಯೇ ಬಿತ್ತು. ಬಿಡಿಸಿಕೊಂಡ ಕೈಯೇ ಅವನ ಗದ್ದದ ಕೆಳಗೆ ಹೋಗಿ ನಿಂತಿತು. ಹಿಂದೆ ಸರಿಯಲು ಕಾಲು ಬಿಡಿಸಿಕೊಳ್ಳಲಾಗದೆ ಅವನು ದೊಪ್ಪನೆ ಕುಕ್ಕರಿಸಿದ.

ಸಂತೆಯವರೆಲ್ಲ ನಕ್ಕರು. ನನ್ನ ಪಕ್ಕದಲ್ಲಿದ್ದ ಜುಕೆರಾನ್ ಮೇಷ್ಟ್ರ ಮುಖ ಮಾತ್ರ ಸುಣ್ಣ ಬಳಿದಂತಾಯಿತು. ಕೈಯಲ್ಲಿದ್ದ ತೋಫು ಜಾರಿ ಕಾಲ ಮೇಲೆ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ.

"ಯೋಶಿ, ನೋಡಿದ್ಯೇನೋ?"

"ನೋಡ್ದೆ ಮೇಷ್ಟ್ರೇ."

"ಅದು ನಮ್ದು ಕಣೋ. ನಮ್ಮ ಮೂರನೇ ಪಟ್ಟು."

ಜುಕೆರಾನ್ ಚೋಕೆನ್ ಹಗಲೆಲ್ಲ ಗೂಡಿನಲ್ಲಿ ಕೆಂಪು ಹೆಂಚು ಸುಡುತ್ತಿದ್ದ ಮನುಷ್ಯ. ಸಂಜೆ ಅದೇ ಗೂಡಿನ ಹಿಂದಿನ ಅಂಗಳದಲ್ಲಿ ನಮಗೆ ಕೆಂಪೊ ಎಂಬ ಮುಷ್ಟಿವಿದ್ಯೆ ಕಲಿಸುತ್ತಿದ್ದರು. ಹೊಡೆತ, ಒದೆತ, ತಡೆ ಎಲ್ಲ ಮುಷ್ಟಿವಿದ್ಯೆಯವರಿಗೂ ಬರುತ್ತವೆ. ಆದರೆ ಐದು ಪಟ್ಟುಗಳು ಅವರವೇ ಎಂದು ನಾವು ನಂಬಿದ್ದೆವು. ಅವರ ಗುರು ಇರೆಯಿ ಅಜ್ಜ ಊರೂರು ತಿರುಗುವ ಕುದುರೆ ವೈದ್ಯ. ಆತ ಅವುಗಳನ್ನು ಇವರೊಬ್ಬರಿಗೇ ಹೇಳಿಕೊಟ್ಟು, ಯುದ್ಧದ ವರ್ಷ ಗುಹೆಯೊಂದರಲ್ಲಿ ತೀರಿಹೋಗಿದ್ದ. ಕಲಿತವರೆಲ್ಲ ಪಿತೃಗಳ ಪೀಠದ ಮುಂದೆ ಕೂತು, ಹೊರಗೆ ಯಾರಿಗೂ ತೋರಿಸುವುದಿಲ್ಲ ಎಂದು ಆಣೆ ಇಡಬೇಕಿತ್ತು.

ಆ ಆಣೆ ಮುರಿದನೆಂದು ಮೇಷ್ಟ್ರು ಒಬ್ಬನನ್ನು ಹೊರಗೆ ಹಾಕಿದ್ದರು. ಮಯೆಶಿರೊ ಸೆಯ್ಜುನ್. ನಮ್ಮಲ್ಲೆಲ್ಲ ಅವನೇ ಮೇಲು. ಹನ್ನೊಂದು ವರ್ಷದ ಹಿಂದೆ ಪಕ್ಕದ ಸಾಶಿಕಿ ಊರಿನ ಸುಗ್ಗಿಯ ಪ್ರದರ್ಶನದಲ್ಲಿ, ಅಲ್ಲಿನ ತೋಯಾಮ ಮೇಷ್ಟ್ರ ಹುಡುಗರು ನಮ್ಮ ಪಟ್ಟುಗಳನ್ನೇ ಮಾಡಿ ತೋರಿಸಿದ್ದರು. ಮಯೆಶಿರೊನ ಹೆಂಡತಿಯ ತವರು ಸಾಶಿಕಿ. ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು. "ನಾನಲ್ಲ ಮೇಷ್ಟ್ರೇ" ಎಂದು ಅವನು ಮೂರು ಸಲ ಹೇಳಿದ. ಇವರು ಗೋಡೆಯ ಮೇಲಿದ್ದ ಅವನ ಹೆಸರಿನ ಹಲಗೆ ಕಿತ್ತು ಹೆಂಚಿನ ಗೂಡಿಗೆ ಎಸೆದರು. ಹದಿನೇಳು ಜನ ನಾವು ತುಟಿ ಬಿಚ್ಚದೆ ನಿಂತಿದ್ದೆವು.

ಸಂತೆಯಲ್ಲಿ ಮೇಷ್ಟ್ರು ನಾಬೆ ಅಕ್ಕನ ಬುಟ್ಟಿಯ ಮುಂದೆ ಹೋಗಿ ಕೂತರು.

"ಇದನ್ನ ನಿಂಗೆ ಯಾರಮ್ಮ ಕಲಿಸಿದ್ದು? ಮಯೆಶಿರೊನಾ?"

"ಯಾವ ಮಯೆಶಿರೊ? ಮೀನು ಬೇಕಾದ್ರೆ ಹೇಳಿ ಯಜಮಾನ್ರೇ, ಇಲ್ದಿದ್ರೆ ಜಾಗ ಬಿಡಿ."

"ಕೈ ಮುಗೀತೀನಿ, ಹೇಳು."

ಅವಳು ಅವರ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ನಮ್ಮ ಇತೋಮಾನ್‌ನಲ್ಲಿ ನಮ್ಮಪ್ಪನ ಮನೇಲಿ ಒಬ್ಬ ಕುದುರೆ ವೈದ್ಯ ಬಂದು ಉಳ್ಕೋತಿದ್ದ. ನಂಗಾಗ ಹದಿನೈದು. ಒಬ್ಬಳೇ ಮೀನು ಹೊತ್ಕೊಂಡು ಅಷ್ಟು ದೂರ ನಡೀತೀಯಲ್ಲ ಮಗಾ, ಇಷ್ಟು ಗೊತ್ತಿರ್ಲಿ ಅಂತ ಐದು ಹೇಳಿಕೊಟ್ಟ. ಇರೆಯಿ ಅಂತ ಹೆಸರು."

ಮೇಷ್ಟ್ರು ಬುಟ್ಟಿಯ ಅಂಚು ಹಿಡಿದುಕೊಂಡರು. ನಾನು ಕೇಳಿದೆ: "ಬೇರೆ ಯಾರಿಗಾದ್ರೂ ಕಲಿಸಿದೀನಿ ಅಂದಿದ್ನಾ?"

"ನಿಂಗೊಬ್ಬಳಿಗೇ ಅಂದ. ಆಮೇಲೆ ನೋಡಿದ್ರೆ ನಮ್ಮಣ್ಣಂಗೂ ಅದೇ ಮಾತು! ನಾನು ಹಿಡ್ಕೊಂಡು ಜಗಳ ಆಡ್ದೆ. ಅದಕ್ಕವನು, ಎಲ್ಲರ ಹತ್ರಾನೂ ಇದೆ ಅಂದ್ರೆ ಯಾವನಮ್ಮ ಬೆವರು ಸುರಿಸ್ತಾನೆ, ಅಂದ. ನಕ್ಕುಬಿಟ್ಟ ಮುದುಕ."

ಆ ದಿನ ಮೇಷ್ಟ್ರು ಗೂಡಿಗೆ ಬೆಂಕಿ ಹಾಕಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಸಾಶಿಕಿಗೆ ನಡೆದರು. ಹನ್ನೊಂದು ವರ್ಷದಿಂದ ಆ ಊರಿನ ದಾರಿ ತುಳಿದವರಲ್ಲ. ತೋಯಾಮ ಮೇಷ್ಟ್ರು ಗೆಣಸು ತೊಳೆಯುತ್ತಿದ್ದವರು ಎದ್ದೇ ನಿಂತರು.

"ಏನು, ಹೊಡೆದಾಟಕ್ಕೆ ಬಂದ್ಯಾ?"

"ಇಲ್ಲ. ನಿಂಗೆ ಕಲಿಸಿದ್ದು ಯಾರು, ಅಷ್ಟು ಹೇಳು."

"ಅದು ನನ್ನೊಬ್ಬನಿಗೇ ಗೊತ್ತಿರೋ ವಿಷಯ."

"ಕುದುರೆ ವೈದ್ಯ?"

ತೋಯಾಮ ಮೇಷ್ಟ್ರ ಕೈಯಿಂದ ಗೆಣಸು ನೀರಿಗೆ ಬಿತ್ತು. ಆಮೇಲೆ ಇಬ್ಬರೂ ಎದುರುಬದುರು ನಿಂತು ಒಂದನೆಯ ಪಟ್ಟಿನಿಂದ ಶುರು ಮಾಡಿದರು. ಒಬ್ಬರ ನಿಲುವು ಎತ್ತರ, ಇನ್ನೊಬ್ಬರದು ತಗ್ಗು. ಒಬ್ಬರು ಮುಷ್ಟಿ ಬಿಗಿಯುತ್ತಾರೆ, ಇನ್ನೊಬ್ಬರು ಅಂಗೈ ತೆರೆಯುತ್ತಾರೆ. ಮೇಲಿನ ಬಣ್ಣವೆಲ್ಲ ಬೇರೆ ಬೇರೆ. ಆದರೆ ನೇರ ಹಿಂದೆ ಸರಿಯದೆ ಓರೆಗೆ ಹೋಗುವ ಹೆಜ್ಜೆ, ತಡೆಯುವ ಕೈಯೇ ಹೊಡೆಯುವ ಕೈಯಾಗುವುದು, ಮೊಣಕೈ ಇಳಿಸುವುದು, ಎದುರಾಳಿಯ ಪಾದ ತುಳಿಯುವುದು, ಬಲವೆಲ್ಲ ಸೊಂಟದಿಂದ ಬರುವುದು, ಇವುಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಐದನೆಯದೂ ಹಾಗೆಯೇ ಮುಗಿಯಿತು.

"ಹಾಗಾದ್ರೆ ಅವನು..." ಎಂದ ನಮ್ಮ ಮೇಷ್ಟ್ರು ಅಲ್ಲೇ ಬಾವಿಕಟ್ಟೆಯ ಮೇಲೆ ಕುಸಿದರು. "ಸೆಯ್ಜುನ್ ಏನೂ ಮಾಡಿರ್ಲಿಲ್ಲ."

ಮಯೆಶಿರೊ ಆಗ ತೆಂಕಲ ಕಡೆಯ ಒಂದು ಕಬ್ಬಿನ ಗಾಣದಲ್ಲಿ ದುಡಿಯುತ್ತಿದ್ದ. ಆ ಭಾನುವಾರ ನಾವು ಅವನ ಮನೆ ಹುಡುಕಿಕೊಂಡು ಹೋದೆವು. ಬಾಗಿಲು ತೆರೆದ ಹೆಂಡತಿ ಮೇಷ್ಟ್ರನ್ನು ಗುರುತಿಸಿ ದಾರಿ ಬಿಡಲೇ ಇಲ್ಲ.

"ಅವತ್ತು ಬಾಯಿಬಿಟ್ಟು ಹೇಳಿದ್ದು ಕೇಳಿಸ್ಲಿಲ್ಲ, ಇವತ್ತೇನು ಕೇಳೋಕೆ ಬಂದಿದೀರಾ?"

ಮೇಷ್ಟ್ರು ಅರವತ್ತು ದಾಟಿದವರು. ಹೊಸ್ತಿಲಾಚೆಯ ಮಣ್ಣಿನಲ್ಲೇ ಮೊಣಕಾಲೂರಿ ಹಣೆ ನೆಲಕ್ಕೆ ಹಚ್ಚಿದರು. ಒಳಗಿನಿಂದ ಬಂದ ಮಯೆಶಿರೊ ಅವರನ್ನು ಎಬ್ಬಿಸಲು ಬಲಗೈ ಚಾಚಿದ. ಆ ಕೈ ನೋಡಿ ನಾನು ಕಣ್ಣು ಮುಚ್ಚಿಕೊಂಡೆ. ಮೂರು ಬೆರಳು ಇರಲಿಲ್ಲ. ಗಾಣ ತಿಂದುಹಾಕಿತ್ತು.

"ಅಯ್ಯೋ, ನಿನ್ನ ಕೈ!" ಮೇಷ್ಟ್ರು ಕೂಗಿದ ರೀತಿಗೆ ಪಕ್ಕದ ಮನೆಯವರು ಹೊರಗೆ ಬಂದರು. "ನನ್ನಿಂದಲ್ವೇನೋ ನೀನು ಇಲ್ಲಿಗೆ ಬಂದಿದ್ದು. ಅಂಥ ಕೈ ಹಾಳಾಗೋಯ್ತಲ್ಲೋ!"

"ಹಾಳಾಗಿದ್ಯಾ ನೋಡೇ ಬಿಡಿ. ಹಿಡೀರಿ."

ಮೇಷ್ಟ್ರು ಹಿಂಜರಿದರು. "ಹಿಡೀರಿ ಮೇಷ್ಟ್ರೇ, ಗಟ್ಟಿಯಾಗಿ" ಎಂದು ಅವನು ಗದರಿಸಿದಂತೆ ಹೇಳಿದ ಮೇಲೆ ಎರಡೂ ಕೈಯಿಂದ ಆ ಮಣಿಕಟ್ಟು ಹಿಡಿದರು. ಏನಾಯಿತೆಂದು ನನಗೆ ಕಾಣಲೇ ಇಲ್ಲ. ಪಾದದ ಸದ್ದು ಒಂದು ಕೇಳಿತು, ಅಷ್ಟೇ. ಮೇಷ್ಟ್ರು ಅಂಗಳದಲ್ಲಿ ಅಂಗಾತ ಬಿದ್ದಿದ್ದರು. ಎರಡು ಬೆರಳಿನ ಕೈ ಅವರ ಕುತ್ತಿಗೆಯಿಂದ ಕೂದಲೆಳೆ ದೂರದಲ್ಲಿ ನಿಂತಿತ್ತು.

"ಬೆರಳಿಲ್ದೆ... ಹೆಂಗೋ?"

"ಇದಕ್ಕೆ ಬೆರಳು ಯಾವತ್ತು ಬೇಕಿತ್ತು? ಸೊಂಟದಿಂದ ಮಾಡು ಅಂತ ಬಯ್ತಾ ಇದ್ದಿದ್ದು ನೀವೇ ಅಲ್ವಾ?"

ಹೆಂಡತಿ ಬಾಗಿಲಲ್ಲಿ ಬಾಯಿಗೆ ಕೈ ಇಟ್ಟು ನಿಂತಿದ್ದಳು. "ದಿನಾ ಬೆಳಗ್ಗೆ ಹಿತ್ತಲಿನ ಬಾಗಿಲು ಹಾಕ್ಕೊಂಡು ಇವರು ಏನು ಮಾಡ್ತಾರೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು" ಎಂದಳು ನನ್ನ ಕಡೆ ತಿರುಗಿ. "ಹನ್ನೊಂದು ವರ್ಷ! ಎಷ್ಟು ಕೇಳಿದ್ರೂ, ಆಣೆ ಇಟ್ಟಿದೀನಿ ಕಣೇ ಅನ್ನೋರು."

ಮೇಷ್ಟ್ರು ಬಿದ್ದಲ್ಲಿಂದ ಏಳಲಿಲ್ಲ. ಆಕಾಶ ನೋಡುತ್ತ ಮಗುವಿನಂತೆ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಯುದ್ಧದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡಾಗಲೂ ಅವರ ಕಣ್ಣು ಒಣಗಿಯೇ ಇತ್ತು.

ಮಯೆಶಿರೊ ಮತ್ತೆ ನಮ್ಮ ಅಂಗಳಕ್ಕೆ ಬರಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಗಾಣದ ಪಕ್ಕದ ಬಯಲಿನಲ್ಲಿ ಕೆಲಸಗಾರರ ಮಕ್ಕಳಿಗೆ ಕಲಿಸತೊಡಗಿದ. ಹೆಂಡತಿಗೂ ಕಲಿಸಿದ. ಆಣೆ ಇಡಿಸುವುದನ್ನು ಮೇಷ್ಟ್ರೇ ನಿಲ್ಲಿಸಿದ್ದರಿಂದ ಯಾರ ಅಡ್ಡಿಯೂ ಇರಲಿಲ್ಲ. ಮೇಷ್ಟ್ರು ಎಂಟು ವರ್ಷ, ಬದುಕಿರುವವರೆಗೂ, ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಮಕ್ಕಳ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದರು. ಮಯೆಶಿರೊ ಅವರ ಹೆಜ್ಜೆಯನ್ನೂ ಉಳಿದವರ ಹೆಜ್ಜೆಯಂತೆಯೇ ತಿದ್ದುತ್ತಿದ್ದ.