ಕ್ಲ್ಯಾಪ್ ಮಾಸ್ಟ್ರು ಕಾದ ಹೊತ್ತು

ಬೇಸಗೆ ರಜೆಗೆ ಮುಂಚೆ ಆಟದ ಸಾಮಾನುಗಳನ್ನೆಲ್ಲ ಒರೆಸಿ ಒಳಗಿಡುವುದು ನನ್ನ ಕೆಲಸ. ಬಂಟ್ವಾಳದ ಒಂದು ಶಾಲೆಯಲ್ಲಿ ನಾನು ಪಿ.ಟಿ. ಟೀಚರ್. ಈ ವರ್ಷ ಹಾಗೆ ಒರೆಸುತ್ತಿದ್ದಾಗ ಪೆಟ್ಟಿಗೆಯ ತಳದಲ್ಲಿ, ಗಾಳಿ ಹೋದ ವಾಲಿಬಾಲುಗಳ ಅಡಿಯಲ್ಲಿ, ಒಂದು ಹಳೆಯ ಮರದ ಕ್ಲ್ಯಾಪರ್ ಸಿಕ್ಕಿತು. ಎರಡು ಹಲಗೆ, ಅವನ್ನು ಸೇರಿಸುವ ಒಂದು ಕಬ್ಬಿಣದ ಕೀಲು. ಓಟ ಶುರು ಮಾಡುವಾಗ ಫಟ್ ಎಂದು ಬಡಿಯುವುದಕ್ಕೆ ಇರುವಂಥದ್ದು. ಕೀಲಿಗೆ ಯಾರೋ ಯಾವ ಕಾಲದಲ್ಲೋ ತೆಂಗಿನೆಣ್ಣೆ ಹಾಕಿದ್ದರು. ಅದು ಕಮಟು ಹಿಡಿದು, ಮುಖದ ಹತ್ತಿರ ತಂದದ್ದೇ ತಡ, ವಾಸನೆ ಮೂಗಿಗೆ ಬಡಿಯಿತು.

ನನ್ನ ಬಲ ಮೊಣಕೈ ನಡುಗಲು ಶುರುವಾಯಿತು. ಒಂದು ಸೀಟಿ ಊದಿದರೆ ಇನ್ನೂರು ಮಕ್ಕಳು ಗಪ್‌ಚಿಪ್ ಆಗುತ್ತಾರೆ, ಮನೆಯಲ್ಲಿ ಗಂಡನೂ ಆಗುತ್ತಾನೆ. ಅಂಥವಳು ಸ್ಟೋರ್ ರೂಮಿನಲ್ಲಿ ಒಬ್ಬಳೇ ನಿಂತು ಎರಡು ಹಲಗೆಗೆ ಹೆದರಿದೆ.

ಆ ವಾಸನೆ ಕ್ಲ್ಯಾಪ್ ಮಾಸ್ಟ್ರದ್ದು.

ಅವರ ನಿಜವಾದ ಹೆಸರು ನಮಗೆ ಬೇಕಾಗಿಯೇ ಇರಲಿಲ್ಲ. ಬೆಳ್ತಂಗಡಿಯ ಪಕ್ಕದ ಲಾಯಿಲದವರು, ಯಾವುದೋ ಪ್ರಾಥಮಿಕ ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದು ನಿವೃತ್ತರಾದವರು. ನಮ್ಮ ಕಡೆ ಎಲ್ಲಿ ಓಟದ ಸ್ಪರ್ಧೆ ನಡೆದರೂ ಓಟ ಹೊರಡಿಸುವ ಸ್ಟಾರ್ಟರ್ ಆಗಿ ಅವರೇ ಬರಬೇಕು. ಬಿಳಿ ಅಂಗಿ, ತಲೆಗೆ ಬಣ್ಣ ಹೋದ ಕೆಂಪು ಟೋಪಿ, ಕಂಕುಳಲ್ಲಿ ಕ್ಲ್ಯಾಪರ್, ಜೇಬಿನಲ್ಲಿ ಕಣ್ಣಿಗೆ ಬಿಡುವ ಔಷಧಿಯ ಪುಟ್ಟ ಬಾಟಲಿಯಲ್ಲಿ ತೆಂಗಿನೆಣ್ಣೆ. ಪ್ರತಿ ಓಟಕ್ಕೆ ಮೊದಲು ಕೀಲಿಗೆ ಒಂದು ತೊಟ್ಟು ಬಿಡುತ್ತಿದ್ದರು. ಪಿಸ್ತೂಲು ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ. ಪಿಸ್ತೂಲಿನ ಮದ್ದಿನ ಕೇಪು ಥಂಡಿ ಹಿಡಿದರೆ ಕೈಕೊಡುತ್ತದೆ, ಹಲಗೆ ಕೈಕೊಡುವುದಿಲ್ಲ ಎಂಬುದು ಅವರ ವಾದ.

ನನಗೆ ಅವರೆಂದರೆ ಪ್ರಾಣಭಯ. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕ್ರೀಡಾ ಕೋಟಾದಲ್ಲಿ ಓದುತ್ತಿದ್ದೆ. ನೂರು ಮೀಟರ್ ಓಟ. ಮೊದಲ ವರ್ಷದ ಡಿಸೆಂಬರ್‌ನಲ್ಲಿ ಅವರೇ ನನ್ನನ್ನು ಹೊರಗೆ ಹಾಕಿದ್ದರು. ಕ್ಲ್ಯಾಪ್ ಬೀಳುವ ಮೊದಲೇ ಕಾಲು ಕಿತ್ತಿದ್ದೆ. ಒಂದು ಸಲ ಮುಂಚಿತವಾಗಿ ಹೊರಟರೆ ಸಾಕು, ಆ ಓಟದಿಂದ ಹೊರಗೆ, ಅದು ನಿಯಮ. ಅತ್ತೆ, ಬೇಡಿಕೊಂಡೆ. ಮಾಸ್ಟ್ರು ನನ್ನ ಮುಖವನ್ನೂ ನೋಡದೆ ಕೀಲಿಗೆ ಎಣ್ಣೆ ಬಿಟ್ಟರು, ಮುಂದಿನ ಓಟಕ್ಕೆ. ತಮ್ಮ ಸ್ವಂತ ತಂಗಿಯ ಮಗಳನ್ನೂ ಹೀಗೇ ಹೊರಗೆ ಹಾಕಿದ್ದಾರಂತೆ ಎಂದು ಆಮೇಲೆ ಯಾರೋ ಸಮಾಧಾನ ಹೇಳಿದರು. ಅದು ಯಾವ ಸೀಮೆಯ ಸಮಾಧಾನವೋ.

ಎರಡನೇ ವರ್ಷದ ಮಾರ್ಚ್ ಹೊತ್ತಿಗೆ ನನ್ನ ಹೆಸರಿನಲ್ಲಿ ಒಂದು ಪದಕವೂ ಇರಲಿಲ್ಲ. ನಮ್ಮ ದೈಹಿಕ ಶಿಕ್ಷಣದ ಸರ್ ಕರೆದು ಹೇಳಿದರು, "ನೋಡು, ಬಿಸು ಹಬ್ಬದ ರಜೆಯಲ್ಲಿ ನಮ್ಮಲ್ಲೇ ಅಂತರಕಾಲೇಜು ಮೀಟ್ ಉಂಟು. ಇದರಲ್ಲಿಯೂ ಮೂರರೊಳಗೆ ಬಾರದಿದ್ರೆ ಮುಂದಿನ ವರ್ಷದ ಸೀಟು, ಹಾಸ್ಟೆಲು ಎರಡಕ್ಕೂ ನಾನು ಮಾತಾಡ್ಲಿಕ್ಕೆ ಆಗುದಿಲ್ಲ." ಅಪ್ಪನಿಗೆ ನಮ್ಮೂರು ಮಾಣಿಯ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ. ಕೋಟಾ ಹೋದರೆ ಕಾಲೇಜು ಹೋದ ಹಾಗೆ, ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ರಜೆ ಶುರುವಾಗಿ ಹಾಸ್ಟೆಲು ಖಾಲಿಯಾಯಿತು. ಊರೂರಿನ ಹುಡುಗಿಯರೆಲ್ಲ ಬ್ಯಾಗು ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಉಳಿದದ್ದು ಓಡುವ, ಎಸೆಯುವ, ಹಾರುವ ನಾವು ಹತ್ತಿಪ್ಪತ್ತು ಜನ. ಮೆಸ್ಸಿನಲ್ಲಿ ಬೆಳಗ್ಗೆ ಗಂಜಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಂಜೆ ಮತ್ತೆ ಗಂಜಿ. ಸ್ನಾನದ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಂಡರೆ ಕ್ಲ್ಯಾಪ್ ಬಿತ್ತೆಂದು ಎದ್ದು ನಿಲ್ಲುತ್ತಿದ್ದೆ. ಸ್ಟಾರ್ಟರ್ ಯಾರು ಎಂದು ಕೇಳಲು ಧೈರ್ಯವಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ...

ಮೀಟಿನ ದಿನ ಸಂಜೆ ಅದೇ ಮೈದಾನದಲ್ಲಿ ಲೈವ್ ಬ್ಯಾಂಡಿನ ಕಾರ್ಯಕ್ರಮವೂ ಇತ್ತು. ರಜೆ ಎಂದು ಊರಿನವರನ್ನೆಲ್ಲ ಕರೆದಿದ್ದರು. ವೇದಿಕೆ ಕಟ್ಟಿದ್ದು ಎಲ್ಲಿ ಎಂದರೆ, ಸರಿಯಾಗಿ ನೂರು ಮೀಟರ್ ಓಟ ಹೊರಡುವ ಗೆರೆಯ ಹಿಂದೆ. ನಮ್ಮ ಕ್ರೀಡಾ ಸಮಿತಿ, ಕಾಲೇಜಿನದೇ ಸಾಂಸ್ಕೃತಿಕ ಸಮಿತಿ ಒಂದೇ ಮೈದಾನಕ್ಕೆ ಬೇರೆ ಬೇರೆ ಸಭೆ ಮಾಡಿದ್ದರ ಫಲ ಅದು. ಬೆಳಗ್ಗಿನಿಂದ ಸ್ಪೀಕರ್ ಏರಿಸುತ್ತಿದ್ದರು, ವಯರು ಎಳೆಯುತ್ತಿದ್ದರು. ಮಧ್ಯಾಹ್ನ ಮೂರೂವರೆಗೆ ನಮ್ಮ ಫೈನಲ್. ನನಗೆ ನಾಲ್ಕನೇ ಲೇನ್.

ಮಾಸ್ಟ್ರು ಬಂದರು. ಕೀಲಿಗೆ ಎಣ್ಣೆ ಬಿಟ್ಟರು. ಆ ವಾಸನೆ ಬಿಸಿಲಿಗೆ ಕಾದ ಮಣ್ಣಿನ ವಾಸನೆಯ ಜೊತೆ ಸೇರಿ ಬಂತು. "ಆನ್ ಯುವರ್ ಮಾರ್ಕ್ಸ್." ಮಂಡಿಯೂರಿದೆ. ಬೆರಳ ತುದಿ ಸುಣ್ಣದ ಗೆರೆಯ ಹಿಂದೆ ಇಟ್ಟೆ. "ಸೆಟ್." ಸೊಂಟ ಎತ್ತಿದೆ. ಆಗಲೇ ಬಲ ಮೊಣಕೈ ನಡುಗಲು ಶುರುವಾದದ್ದು. ನಿಲ್ಲಿಸಲು ನೋಡಿದೆ, ಇನ್ನೂ ಜೋರಾಯಿತು. ಕ್ಲ್ಯಾಪ್ ಬೀಳಲಿಲ್ಲ. ಇನ್ನೂ ಬೀಳಲಿಲ್ಲ. ಸಾಮಾನ್ಯವಾಗಿ ಒಂದು ಉಸಿರು ಹಿಡಿಯುವಷ್ಟು ಹೊತ್ತು, ಅಷ್ಟೆ. ಆ ದಿನ ಅದು ಮುಗಿಯಲೇ ಇಲ್ಲ.

ಹೊರಟುಬಿಟ್ಟೆ.

ಒಂದು ಹೆಜ್ಜೆ ಪೂರ್ತಿ ಊರಿರಲಿಲ್ಲ, ಹಿಂದಿನಿಂದ "ಧಬ್" ಎಂದಿತು. ವೇದಿಕೆಯ ಮೇಲೆ ಡ್ರಮ್ಮಿನವನು ಮೈಕು ಸರಿ ಉಂಟಾ ಎಂದು ನೋಡಲು ದೊಡ್ಡ ಡ್ರಮ್ಮನ್ನು ಕಾಲಲ್ಲಿ ಒತ್ತಿದ್ದ. ಆ ಶಬ್ದಕ್ಕೆ ಉಳಿದ ಏಳೂ ಹುಡುಗಿಯರು ಓಡಿದರು. ಕೂಡಲೇ ಮಾಸ್ಟ್ರು ಫಟ್ ಫಟ್ ಎಂದು ಎರಡು ಸಲ ಬಡಿದು ಎಲ್ಲರನ್ನೂ ವಾಪಸು ಕರೆದರು. ಜನ ನಕ್ಕರು. ಡ್ರಮ್ಮಿಗೆ ಓಡಿದ್ದು ಏಳು ಜನ, ನಾನು ಓಡಿದ್ದು ಯಾವ ಶಬ್ದಕ್ಕೂ ಅಲ್ಲ.

ರೆಫರಿ ಓಟದಿಂದ ಹೊರಗೆ ಹಾಕುವ ಕೆಂಪು ಕಾರ್ಡು ಹಿಡಿದುಕೊಂಡೇ ಬಂದರು. "ನಾಲ್ಕನೇ ಲೇನಿನವಳು ಸ್ವಲ್ಪ ಮೊದಲು ಎದ್ದ ಹಾಗೆ ಕಂಡಿತು, ಅಲ್ವಾ ಮಾಸ್ಟ್ರೇ?"

ನಾನು ನೆಲ ನೋಡುತ್ತಾ ನಿಂತೆ. ಕಣ್ಣ ಮುಂದೆ ಬಂದದ್ದು ಅಪ್ಪನ ಅಂಗಡಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ಟ್ಯೂಬು, ಅದರಿಂದ ಏಳುವ ಗುಳ್ಳೆ... ಬೇರೇನೂ ಅಲ್ಲ.

"ತಪ್ಪು ನನ್ನದು," ಎಂದರು ಮಾಸ್ಟ್ರು. "ಸೆಟ್ ಹೇಳಿ ಹಿಡಿದದ್ದು ಜಾಸ್ತಿ ಆಯ್ತು. ಸರಿಯಾದ ಹೊತ್ತಿಗೆ ಬಿಟ್ಟಿದ್ರೆ ಆ ಡ್ರಮ್ಮು ಆಗುವಾಗ ಇವರು ಅರ್ಧ ದಾರಿ ಮುಟ್ಟುತ್ತಿದ್ರು. ಯಾರನ್ನೂ ತೆಗೀಲಿಕ್ಕಿಲ್ಲ." ಹಾಗೆ ಹೇಳಿ ತಾವೇ ಹಸಿರು ಕಾರ್ಡು ತೋರಿಸಿದರು. ಎಲ್ಲರಿಗೂ ಮತ್ತೊಂದು ಅವಕಾಶ.

ಎರಡನೇ ಸಲ ಕ್ಲ್ಯಾಪು ಸರಿಯಾಗಿ ಬಿತ್ತು. ಹೆದರಿಕೆಯಲ್ಲಿ ನಾನು ಎಲ್ಲರಿಗಿಂತ ಕೊನೆಗೆ ಎದ್ದೆ. ಆಮೇಲೆ ಹೇಗೆ ಓಡಿದೆನೋ, ಎರಡನೆಯವಳಾಗಿ ಮುಟ್ಟಿದೆ. ನಾಲ್ಕನೆಯವಳಾಗಿ ಬಂದ ಹುಡುಗಿ ಗೆರೆಯಾಚೆ ಕೂತು ಅಳುತ್ತಿದ್ದಳು. ನಾನಿಲ್ಲದಿದ್ದರೆ ಅವಳಿಗೆ ಪದಕ. ಅವಳ ಕಡೆ ತಿರುಗಿ ನೋಡಲಿಲ್ಲ.

ಸಂಜೆ ಆರಕ್ಕೆ ಬ್ಯಾಂಡು ಶುರುವಾಯಿತು. ಮೂಡುಬಿದಿರೆಯ ಅರ್ಧ ಊರೇ ಮೈದಾನದಲ್ಲಿತ್ತು. ಗೆಳತಿಯರು ಚುರುಮುರಿ ತಿನ್ನುತ್ತಾ, ಗೊತ್ತಿದ್ದ ಹಾಡಿಗೂ ಗೊತ್ತಿಲ್ಲದ ಹಾಡಿಗೂ ಕುಣಿಯುತ್ತಿದ್ದರು. ನಾನು ಕತ್ತಿನಲ್ಲಿ ಪದಕ ಹಾಕಿಕೊಂಡು ಕಲ್ಲಿನ ಹಾಗೆ ಕೂತಿದ್ದೆ. ಎರಡನೇ ಸಾಲಿನಲ್ಲಿ ಕೆಂಪು ಟೋಪಿ ಕಾಣುತ್ತಿತ್ತು. ನಮ್ಮ ಸರ್ ಅವರ ಪಕ್ಕ ಹೋಗಿ ಕೂತರು. ಮಾಸ್ಟ್ರು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಸರ್ ತಿರುಗಿ ಜನರ ನಡುವೆ ಯಾರನ್ನೋ ಹುಡುಕಿದರು. ಮುಗಿಯಿತು, ನನ್ನ ಕತೆ ಮುಗಿಯಿತು ಎಂದುಕೊಂಡೆ. ಹಾಡು ಮುಗಿದು ಮೈಕಿನಲ್ಲಿ ಮಾತು ಬಂದಾಗಲೆಲ್ಲ ನನ್ನ ಹೆಸರು ಕರೆದರೆಂದೇ ಭಾಸವಾಗುತ್ತಿತ್ತು. ಸರ್ ಹುಡುಕಿದ್ದು ನೀರಿನ ಬಾಟಲಿ ಹಂಚುವವನನ್ನು. ಮಾಸ್ಟ್ರಿಗೆ ಬಾಯಾರಿತ್ತು.

ಮರುದಿನ ಬಿಸುವಿಗೆಂದು, ನಮ್ಮ ಕಡೆಯ ಹೊಸವರ್ಷದ ಹಬ್ಬಕ್ಕೆಂದು, ಬೆಳ್ತಂಗಡಿಯ ದೊಡ್ಡಮ್ಮನ ಮನೆಗೆ ಹೊರಟೆ. ಬಸ್ಸು ಹತ್ತಿದರೆ ಎದುರಿಗೇ ಕೆಂಪು ಟೋಪಿ. ಇಳಿದುಬಿಡಬೇಕೆಂದು ತಿರುಗಿದೆ, ಅಷ್ಟರಲ್ಲಿ ಕಂಡಕ್ಟರ್ "ಮಾಸ್ಟ್ರ ಹತ್ರ ಸೀಟುಂಟಲ್ಲ, ಕೂತ್ಕೊಳ್ಳಿ ಅಕ್ಕ, ರೈಟ್ ರೈಟ್" ಎಂದು ಒಳಗೆ ತಳ್ಳಿದ. ಅವರ ಮಡಿಲಲ್ಲಿ ಕ್ಲ್ಯಾಪರ್. ವೇಣೂರು ದಾಟುವವರೆಗೆ ನಾನು ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದೆ.

ಆಮೇಲೆ ಅವರೇ, ಕಿಟಕಿ ನೋಡುತ್ತಾ, "ಡ್ರಮ್ಮಿಗೆ ಮೊದಲೇ ಹೊರಟದ್ದು ನೀನು," ಎಂದರು.

ದಾರ ಬೆರಳಿಗೆ ಸುತ್ತಿಕೊಂಡೇ ಉಳಿಯಿತು.

"ನಾನು ನೋಡಿದ್ದೇನೆ. ನಿನ್ನ ಮೊಣಕೈ ನಡುಗ್ತಾ ಇತ್ತು. ಅದು ನಿಲ್ಲಲಿ, ಮತ್ತೆ ಬಡಿಯುವ ಅಂತ ಕಾದೆ. ನಿಲ್ಲಲೇ ಇಲ್ಲ ಮಾರಾಯ್ತಿ." ಮಡಿಲಿನ ಕ್ಲ್ಯಾಪರ್ ಸರಿಮಾಡಿಕೊಂಡು ಮತ್ತೆ ಹೇಳಿದರು, "ಎಂಟು ಜನ ಇರುವಾಗ ಕ್ಲ್ಯಾಪ್ ಹೊಡೆಯುವವ ಒಬ್ಬಳನ್ನೇ ನೋಡ್ಲಿಕ್ಕಿಲ್ಲ. ನಾನು ನೋಡಿದೆ. ನಾನು ಸುಳ್ಳು ಹೇಳಿದ್ದಲ್ಲ, ತಪ್ಪು ನನ್ನದೇ."

ಬೆಳ್ತಂಗಡಿಯಲ್ಲಿ ಇಬ್ಬರೂ ಇಳಿದೆವು. ಅವರು ಕ್ಲ್ಯಾಪರ್ ಕಂಕುಳಿಗೆ ಸೇರಿಸಿಕೊಂಡು ಲಾಯಿಲದ ಕಡೆ ನಡೆದರು. ನಾನು ಥ್ಯಾಂಕ್ಸ್ ಎನ್ನಲಿಲ್ಲ, ಕ್ಷಮಿಸಿ ಎನ್ನಲಿಲ್ಲ, ಕಾಲಿಗೆ ಬೀಳಲಿಲ್ಲ. ಅವರು ಮನಸ್ಸು ಬದಲಾಯಿಸಿ ತಿರುಗಿ ಬಂದರೆ ಎಂಬ ಭಯದಲ್ಲಿ ದೊಡ್ಡಮ್ಮನ ಮನೆ ಕಡೆ ದಾಪುಗಾಲು ಹಾಕಿದೆ.

ಮುಂದಿನ ವರ್ಷದ ಮೀಟಿಗೆ ಬೇರೊಬ್ಬ ಸ್ಟಾರ್ಟರ್ ಬಂದಿದ್ದರು, ಪಿಸ್ತೂಲು ಹಿಡಿದುಕೊಂಡು. ಸರ್ ಕೋಣೆಯಲ್ಲಿ ಆ ರೆಫರಿಯೂ ಇದ್ದರು. ನಾನು ಬಾಗಿಲಲ್ಲಿ ಅಂಗಿಗೆ ಚುಚ್ಚುವ ನಂಬರಿನ ಬಟ್ಟೆಗೆಂದು ನಿಂತಿದ್ದೆ. "ಮಾಸ್ಟ್ರಿಗೆ ಪ್ರಾಯ ಆಯ್ತು. ಹೋದ ವರ್ಷ ನೋಡ್ಲಿಲ್ವಾ, ಸೆಟ್ ಹೇಳಿ ಹೊಡೀಲಿಕ್ಕೇ ಮರ್ತು ಹೋಗಿತ್ತು. ಅವರೇ ಒಪ್ಪಿಕೊಂಡಿದ್ದಾರೆ. ಇನ್ನು ಎಲ್ಲಿಗೂ ಕರೆಯುವುದು ಬೇಡ," ಎಂದರು ರೆಫರಿ. ಒಂದು ಮಾತು ಸಾಕಿತ್ತು. ಅವರು ಮರೆಯಲಿಲ್ಲ ಸರ್, ನನ್ನ ಕೈ ನಡುಗುತ್ತಿತ್ತು, ನಾನೇ ಮೊದಲು ಓಡಿದ್ದು, ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ ಕೂಡ. ಆದರೆ ಕೊನೆಯ ವರ್ಷ, ಸೀಟು, ಹಾಸ್ಟೆಲು, ಇದ್ದ ಆ ಒಂದು ಪದಕ... ನಂಬರಿನ ಬಟ್ಟೆ ತೆಗೆದುಕೊಂಡು ಹೊರಗೆ ಬಂದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಹೇಡಿ ಕೆಲಸ ಅದು. ಅದರ ಮೇಲೆಯೇ ಡಿಗ್ರಿ ಮುಗಿಯಿತು, ಅದರ ಮೇಲೆಯೇ ಈ ಕೆಲಸ ಸಿಕ್ಕಿತು.

ಸ್ಟೋರ್ ರೂಮಿನಲ್ಲಿ ಆ ವಾಸನೆ ಬಂದ ಮೇಲೆ ತಡೆದುಕೊಳ್ಳಲಾಗಲಿಲ್ಲ. ಈ ಸಲ ಬಿಸುವಿನ ಮರುದಿನ ಲಾಯಿಲಕ್ಕೆ ಹೋದೆ. ಕ್ಲ್ಯಾಪ್ ಮಾಸ್ಟ್ರ ಮನೆ ಎಂದರೆ ಈಗಲೂ ತೋರಿಸುತ್ತಾರೆ. ಅವರ ಹೆಂಡತಿ ಹೊರಗೆ ಬಂದರು. ಮಾಸ್ಟ್ರು ಇದ್ದಾರಾ ಎಂದು ಕೇಳಿದೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು ಎಂದರು.

ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. "ಕರೀಬಹುದು, ಕರೀಬಹುದು ಅಂತ ಪ್ರತಿ ವರ್ಷ ಕಾಯ್ತಿದ್ರು ಮಗಾ. ಚಳಿಗಾಲ ಬಂದ ಕೂಡಲೇ ಆ ಹಲಗೆಗೆ ಎಣ್ಣೆ ಹಾಕುದು, ಬಿಳಿ ಅಂಗಿಗೆ ಇಸ್ತ್ರಿ ಹಾಕುದು. ಯಾರೂ ಬರ್ಲಿಲ್ಲ. ಯಾಕೆ ಬಿಟ್ರು ಅಂತ ಅವರಿಗೂ ಗೊತ್ತಿರ್ಲಿಲ್ಲ."

ನಾನು ಹೇಳಿಬಿಟ್ಟೆ. ಮೊಣಕೈ, ಡ್ರಮ್ಮು, ಬಸ್ಸು, ಸರ್ ಕೋಣೆಯ ಬಾಗಿಲು, ಎಲ್ಲವನ್ನೂ ಒಂದೇ ಉಸಿರಿಗೆ. ಅವರು ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಯಾವ ಓಟ ಮಗಾ?" ಎಂದು ಕೇಳಿದರು. "ಅವರು ಹಾಗೆಂಥದ್ದೂ ಹೇಳ್ಲಿಲ್ಲ ನನ್ನ ಹತ್ರ."

ಇಷ್ಟು ವರ್ಷ ಯಾರಾದರೂ ಹೇಳಿಬಿಟ್ಟಾರು ಎಂದು ಹೆದರಿಕೊಂಡೇ ಬದುಕಿದ್ದೆ. ಹೇಳಬಲ್ಲವರು ಒಬ್ಬರೇ ಇದ್ದದ್ದು, ಅವರು ಹೆಂಡತಿಗೂ ಹೇಳದೆ ಹೋಗಿದ್ದರು. ಇನ್ನು ಆ ಓಟವನ್ನು ಕಣ್ಣಾರೆ ಬಲ್ಲವಳು ನಾನೊಬ್ಬಳೇ, ಕ್ಷಮಿಸುವವರು ಯಾರೂ ಇಲ್ಲ. ನಿರಾಳ ಆಗಬೇಕಿತ್ತು... ಆ ಜಗಲಿಯಲ್ಲಿ ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

ಅಷ್ಟರಲ್ಲಿ ಹಿತ್ತಿಲಲ್ಲಿ ದಡಬಡ ಸದ್ದು. "ಬಂದವು ನೋಡು, ಬಾಳೆಗೊನೆಗೆ," ಎನ್ನುತ್ತಾ ಅವರು ಎದ್ದರು. ಗೋಡೆಯ ಮೊಳೆಯಿಂದ ಕ್ಲ್ಯಾಪರ್ ತೆಗೆದರು. ಈಗ ಅದು ಮಂಗ ಓಡಿಸಲು. ನಾನೂ ಅವರ ಹಿಂದೆ ಹೋದೆ. ಹಿಂದಿನ ಬಾಗಿಲಲ್ಲಿ ನಿಂತು, ಬಾಳೆ ಗಿಡಗಳ ಕಡೆ ನೋಡುತ್ತಾ, ಎರಡು ಹಲಗೆಗಳನ್ನೂ ಅಗಲಿಸಿ ಹಿಡಿದುಕೊಂಡರು. ಮಂಗಗಳು ಹತ್ತಿರ ಬರಲಿ ಎಂದು ಕಾದರು. ತೆಂಗಿನೆಣ್ಣೆಯ ವಾಸನೆ ಬಂತು. ನನ್ನ ಮೊಣಕೈ ನಡುಗಿತು. ನಾನೂ ಕಾದೆ.

ಫಟ್!

ಮಂಗಗಳು ದಿಕ್ಕಾಪಾಲಾದವು. ಕೆಳಗೆ ನೋಡಿದರೆ ನನ್ನ ಬಲಗಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದಿತ್ತು. ಈ ಸಲ ಶಬ್ದ ಆದ ಮೇಲೆಯೇ ಎದ್ದದ್ದು, ಮಾಸ್ಟ್ರೇ. ನೋಡುವುದಕ್ಕೆ ನೀವಿರಲಿಲ್ಲ.