ಡಬ್ಬಿಗೆ ಪಾಸ್ ಬೇಡ

ಅವರ ಕುತ್ತಿಗೆಯ ಸುತ್ತ ಒಂದು ಬಿಳಿ ಗೆರೆ ಇತ್ತು. ಗಲ್ಫಿನ ರುವೈಸಿನ ಬಿಸಿಲು ಅವರನ್ನು ಸುಟ್ಟು ಕಪ್ಪಾಗಿಸಿದಾಗ, ಪಾಸಿನ ಪಟ್ಟಿ ಕೂರುತ್ತಿದ್ದ ಜಾಗವನ್ನು ಮಾತ್ರ ಬಿಟ್ಟಿತ್ತು. ಅವರು ನಮ್ಮ ಫೋರ್‌ಮನ್, ಉಡುಪಿ ಕಡೆಯವರು. ಕಂಪನಿ ಕ್ವಾರ್ಟರ್ಸಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ಮುಖ? ಮೂಗು ನೆನಪಿದೆ, ನಗು ನೆನಪಿದೆ. ಎರಡನ್ನೂ ಜೋಡಿಸಿದರೆ ಬೇರೆ ಯಾರೋ ಆಗುತ್ತಾರೆ. ಆ ಗೆರೆಯನ್ನು ಮಾತ್ರ ನಂಬುತ್ತೇನೆ.

ರಿಫೈನರಿಯೊಳಗೆ ಕಾಲಿಡಲು ಸೆಕ್ಯುರಿಟಿ ಪಾಸ್ ಬೇಕು. ಹೆಸರಿನ ಮೇಲೆ ಪೊಲೀಸ್ ಕೇಸಿದ್ದರೆ ಅದು ನವೀಕರಣವಾಗುವುದಿಲ್ಲ, ಇದ್ದ ಪಾಸೂ ನಿಂತುಹೋಗುತ್ತದೆ. ಪಾಸಿಲ್ಲದವನಿಗೆ ಕೆಲಸವೂ ಇಲ್ಲ.

ಅವರ ತಂಗಿಯ ಗಂಡ ಅಲ್ ಬರ್ಷಾದಲ್ಲಿ ಮನೆ ಹಿಡಿದಿದ್ದ. ದುಬೈಯಲ್ಲಿ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್‌ಗಳನ್ನು ಮೊದಲೇ ಕೊಡಬೇಕು. ಆತನ ಬಳಿ ಚೆಕ್‌ಬುಕ್ ಇರಲಿಲ್ಲ. ಇವರು ತಮ್ಮದರಲ್ಲಿ ಸಹಿ ಹಾಕಿಕೊಟ್ಟರು. ಆತ ಕೆಲಸ ಕಳೆದುಕೊಂಡು, ಇವರಿಗೆ ಹೇಳದೆ ಊರಿನ ವಿಮಾನ ಹತ್ತಿದ. ಚೆಕ್ ಬೌನ್ಸ್ ಆಯಿತು. ಆಗ ಅಲ್ಲಿ ಅದು ಪೊಲೀಸ್ ಕೇಸು.

"ಭಾವ ರೂಮಿನವರೆಗೆ ಬಂದು ಕೇಳಿದ್ರೆ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ ಮಾರಾಯ?" ಎಂದಿದ್ದರು.

ಅವರಿಗೆ ಕೇಸಿನ ಸುದ್ದಿ ತಲುಪಿದ್ದೇ ಗೇಟಿನಲ್ಲಿ. ಕಂಪನಿ ಬಸ್ಸಿನೊಳಗೆ ಬಂದ ಗಾರ್ಡ್ ಅವರ ಪಾಸನ್ನು ಯಂತ್ರಕ್ಕೆ ತೋರಿಸಿದ. ಕೆಂಪು ದೀಪ. ಉಜ್ಜಿ ಮತ್ತೆ ತೋರಿಸಿದ. ದಿನಾ ಸಲಾಂ ಹೇಳುತ್ತಿದ್ದವನು ಅವರ ಮುಖ ನೋಡದೆ, "ಮಾಫಿ ಎಂಟ್ರಿ, ಭಾಯ್" ಎಂದ. ಪ್ರವೇಶವಿಲ್ಲ.

"ಇಷ್ಟು ವರ್ಷ ಒಳಗೆ ಬಿಟ್ಟದ್ದೇ ತಪ್ಪು ಅಂತ ಇವನಿಗೆ ಇವತ್ತು ಗೊತ್ತಾಯ್ತು ಕಾಣ್ತದೆ" ಎಂದು ಎದ್ದರು. ಇಳಿಯುವ ಮೊದಲು ಊಟದ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು. "ಮೀನು ಉಂಟು. ನೀನು ತಿನ್ನು."

ಬಂಗುಡೆಯೋ ಬೂತಾಯಿಯೋ? ಹೇಳಿದ ಪ್ರತಿ ಸಲವೂ ನನ್ನ ಕತೆಯಲ್ಲಿ ಮೀನು ಬದಲಾಗಿದೆ. ಅವರು ನಕ್ಕರೆಂದೂ ಹೇಳಿದ್ದೇನೆ. ನಕ್ಕದ್ದು ಬಸ್ಸಿನವರಿರಬಹುದು.

ಮರುದಿನದಿಂದ ಅವರು ಕೋಣೆಯಲ್ಲೇ ಉಳಿದರು. ನಾನು ಏಳುವಾಗ ಅಡುಗೆ ಆಗಿರುತ್ತಿತ್ತು. ಬೇಡವೆಂದರೆ, "ಡಬ್ಬಿಗೆ ಪಾಸ್ ಬೇಡ, ಕೊಂಡುಹೋಗು" ಎನ್ನುವರು. ಸಂಜೆ ಬಾಗಿಲಲ್ಲೇ ಡಬ್ಬಿ ತೆಗೆದುಕೊಂಡು, "ಒಳಗೆ ಎಂತ ಸುದ್ದಿ?" ಅದೊಂದೇ ಪ್ರಶ್ನೆ. ಪಂಪು, ಲೈನು, ಯಾರಿಗೆ ಯಾರು ಬೈದರು ಎಂದೆಲ್ಲ ಹೇಳುತ್ತಿದ್ದೆ. ಕೇಳಿ ಮುಗಿದ ಮೇಲೆ ಡಬ್ಬಿಯನ್ನು ಬಹಳ ಹೊತ್ತು ತೊಳೆಯುತ್ತಿದ್ದರು. ನಲ್ಲಿಯ ಸದ್ದು ನಿಂತರೆ ಮತ್ತೆ ಕೋಣೆಯಲ್ಲಿ ಏಸಿಯದ್ದೊಂದೇ.

ನಾನೂ ಕಾರಿನ ಸಾಲದ ಕಂತು ತಪ್ಪಿಸಿ, ಬ್ಯಾಂಕಿನ ಫೋನ್ ಎತ್ತದೆ ಕೂತಿದ್ದ ದಿನಗಳವು. ಒಂದು ಸಂಜೆ ಫೋನು ಹೊಡೆದುಕೊಂಡು ಸುಮ್ಮನಾಯಿತು.

"ಯಾರು, ಹುಡುಗಿಯಾ?"

"ಬ್ಯಾಂಕು, ಅಣ್ಣಾ."

ಅವರು ಪಾತ್ರೆ ಕೆಳಗಿಟ್ಟರು. "ಸಾಲಕ್ಕೆ ಕೊಟ್ಟ ನಿನ್ನ ಗ್ಯಾರಂಟಿ ಚೆಕ್ ಅವ್ರ ಹತ್ರ ಉಂಟಲ್ವಾ? ಅವ್ರು ಅದನ್ನು ಹಾಕಿ ಬೌನ್ಸ್ ಆಗುವ ಮೊದಲು ನೀನೇ ಹೋಗು. ಆಗುದಿಲ್ಲ, ಸ್ವಲ್ಪ ಸ್ವಲ್ಪ ಕೊಡ್ತೇನೆ ಅಂತ ಹೇಳು. ಬೈಯ್ಯಲಿ. ಬೈಗುಳಕ್ಕೆ ಕೇಸಿಲ್ಲ."

ಅಬುಧಾಬಿಯ ಬ್ಯಾಂಕಿಗೆ ಹೋದೆ. ಚೆನ್ನಾಗಿ ಬೈದರು, ಕಂತನ್ನೂ ಸಣ್ಣದು ಮಾಡಿಕೊಟ್ಟರು. ಚೆಕ್ ಹಾಕದೆ ಇಟ್ಟುಕೊಂಡರು. ನನ್ನ ಪಾಸ್ ನವೀಕರಣವಾಯಿತು.

ಅವರದಾಗಲಿಲ್ಲ. ಉಳಿತಾಯವೆಲ್ಲ ಸುರಿದು ಕೇಸು ಮುಗಿಸಿದರು. ಆದರೆ ಅವರ ಹೆಸರು ಶುದ್ಧವಾಗಿ ಗೇಟಿನವರೆಗೆ ಬರುವಷ್ಟರಲ್ಲಿ ಕಂಪನಿಯ ತಾಳ್ಮೆ ಮುಗಿದು, ವೀಸಾ ರದ್ದಾಗಿತ್ತು. "ಖಲಾಸ್" ಎಂದರು, ಪೆಟ್ಟಿಗೆಯ ಜಿಪ್ ಎಳೆಯುತ್ತಾ. ಡಬ್ಬಿಯನ್ನು ನನ್ನ ಮಂಚದ ಮೇಲೆ ಬಿಟ್ಟುಹೋದರು. ಮರೆತದ್ದಾಗಿರಬಹುದು. ಕೊಟ್ಟದ್ದೆಂದು ನಾನು ನಂಬಿಕೊಂಡಿದ್ದೇನೆ.

ಅವರು ಊರಿನಲ್ಲಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ನಾನು ದುಬೈಯ ಜೆಬೆಲ್ ಅಲಿಯಲ್ಲಿದ್ದೆ. ಹೊಸ ಕೆಲಸ, ಬೇರೆ ಗೇಟು. ಮರುದಿನ ಆ ಡಬ್ಬಿಯಲ್ಲೇ ಅನ್ನ ತುಂಬಿಸಿಕೊಂಡು ಬಸ್ಸು ಹತ್ತಿದೆ. ಗಾರ್ಡ್ ನನ್ನ ಪಾಸನ್ನು ಯಂತ್ರಕ್ಕೆ ತೋರಿಸಿದ. ಹಸಿರು ದೀಪ. ತೊಡೆಯ ಮೇಲಿದ್ದ ಡಬ್ಬಿಯನ್ನು ಅವನು ನೋಡಲೇ ಇಲ್ಲ.