ಅವನ್‌ನಲ್ಲಿಟ್ಟ ಹೆಪ್ಪು

ಪ್ರಭಾವತಿಗೆ ಹನ್ನೊಂದು ವಾರದ ಸಂಬಳ ಇನ್ನೂ ಬರಬೇಕು. ಕೊಡಬೇಕಾದವರು ಡಾಕ್ಟರ್ ಜಯಸಿಂಹ, ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ ಮೂರು ಕಾರಿನ ಗ್ಯಾರೇಜು ಇರುವವರು. ಕೊಡದಿರೋದಕ್ಕೆ ಅವರ ಹತ್ತಿರ ಒಂದು ಕಾರಣವೂ ಇದೆ. ಆ ಕಾರಣ ಅರ್ಧ ನಿಜ. ತೊಂದರೆ ಇರೋದೇ ಅಲ್ಲಿ.

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ೧೯೭೩ರಲ್ಲಿ ಡೆಟ್ರಾಯಿಟ್‌ಗೆ ಬಂದವಳಿಗೆ ಕೆಲಸ ಕೊಟ್ಟವರು ಅವರೇ. ಲ್ಯಾಬ್ ಅಂದರೆ ಟೈರು ಅಂಗಡಿಯ ಹಿಂದಿನ ಎರಡು ಕೋಣೆ. ಕೆಲಸ ಅಂದರೆ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಸಾಕುವುದು. ರೂಜ್ ನದಿಯ ಕೆಸರಿನಿಂದ ಹೆಕ್ಕಿ ತಂದವಕ್ಕೆ ಉಪ್ಪುನೀರು, ಚಿಟಿಕೆ ಗೊಬ್ಬರ, ಮೇಲೆ ಮನೆ ಕಾಯಿಸುವ ಫರ್ನೇಸ್ ಎಣ್ಣೆ. ಬೇರೆ ಊಟ ಇಲ್ಲ. ಎಣ್ಣೆ ತಿಂದದ್ದು ಬದುಕಿತು, ತಿನ್ನದ್ದು ಸತ್ತಿತು. ಹೀಗೆ ಒಂದೂವರೆ ವರ್ಷ ಗೇಯ್ದು ಒಂದು ಜಾಡಿ ಹೆಪ್ಪು ಮಾಡಿಟ್ಟಿದ್ದಳು.

೧೯೭೫ರ ನವೆಂಬರಿನಲ್ಲಿ ಒಂದು ಎಣ್ಣೆ ಡಿಪೋದ ಟ್ಯಾಂಕು ಸೋರಿ, ತಗ್ಗಿನ ಬೀದಿಯ ಹದಿನಾಲ್ಕು ಮನೆಗಳ ಬೇಸ್‌ಮೆಂಟಿಗೆ ಎಣ್ಣೆ ಬಸಿಯಿತು. ಎಲ್ಲಾ ಫೌಂಡ್ರಿಯ ಕರಿಯ ಕೂಲಿಗಳ ಮನೆಗಳು. ಡಿಪೋದವರು ಶುದ್ಧ ಮಾಡುವ ಗುತ್ತಿಗೆ ಜಯಸಿಂಹರಿಗೆ ಕೊಟ್ಟರು. ಐದನೇ ಮನೆಯ ಒಡೆಸ್ಸಾ ಟೇಟ್ ಪ್ರಭಾವತಿಯನ್ನು ಮೆಟ್ಟಿಲಿಳಿಸಿ ತೋರಿಸಿದಳು. ಮಡಿಚಿಟ್ಟ ಬಟ್ಟೆಯೆಲ್ಲಾ ಕಪ್ಪು. ಉಸಿರೆಳೆದರೆ ತಲೆ ಗಿರ್ರನ್ನುತ್ತಿತ್ತು.

"ನಿನ್ನ ಹುಳ ಇದನ್ನ ತಿನ್ನುತ್ತಾ, ಹುಡುಗೀ?"

"ತಿನ್ನುತ್ತೆ. ನಿಧಾನ."

"ನಿಧಾನ ಆದ್ರೂ ಸರಿ. ಸುಳ್ಳು ಮಾತ್ರ ಬೇಡ."

ಕ್ರಿಸ್‌ಮಸ್ ರಜೆಗೆ ಜಯಸಿಂಹರು ಖರ್ಚು ಉಳಿಸಲು ಲ್ಯಾಬಿನ ಹೀಟರ್ ಆರಿಸಿದರು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಜಾಡಿ ಮಂಜುಗಡ್ಡೆಯಾದೀತೆಂದು ಪ್ರಭಾವತಿ ಅದನ್ನು ಮನೆಗೆ ಒಯ್ದಳು. ಚಳಿಯೂರಿನಲ್ಲಿ ನಮ್ಮ ಹೆಂಗಸರು ಮೊಸರು ಎಲ್ಲಿ ಹಾಕುತ್ತಾರೋ ಅಲ್ಲೇ ಇಟ್ಟಳು: ಗ್ಯಾಸ್ ಅವನ್ನಿನೊಳಗೆ, ಒಳಗೆ ಆರದೆ ಉರಿಯುವ ಸಣ್ಣ ಪೈಲಟ್ ದೀಪದ ಕಾವಿಗೆ, ಶಾಲು ಸುತ್ತಿ. ಪಕ್ಕದಲ್ಲೇ ಜಯಸಿಂಹರ ಹೆಂಡತಿ ವತ್ಸಲಾ ಕೊಟ್ಟ ಹೆಪ್ಪಿನ ಮೊಸರು. ಮನೆ ತುಂಬ ಎಣ್ಣೆ ವಾಸನೆ ಬೇಡವೆಂದು, ಬಡಪಾಯಿಗಳು ಚೆನ್ನಾಗಿ ತಿನ್ನಲೆಂದು, ಮೂರು ವಾರ ಸಕ್ಕರೆ ನೀರು ಹಾಕಿದಳು. ಜಾಡಿ ಗಂಜಿಯ ಹಾಗೆ ಗಟ್ಟಿಯಾಯಿತು. ಅವಳಿಗೆ ಹಿಗ್ಗು.

ಜನವರಿಯಲ್ಲಿ ಎಣ್ಣೆಗೆ ಹಾಕಿ ನೋಡಿದರೆ ಮೂಸಲೂ ಇಲ್ಲ. ಸಕ್ಕರೆ ತಿಂದ ಪೀಳಿಗೆ ಎಣ್ಣೆ ತಿನ್ನುವುದನ್ನೇ ಮರೆತಿತ್ತು. ಮೊಸರಿಗೆ ಹಾಲು ಕೊಟ್ಟರೆ ಮೊಸರೇ ಆಗುತ್ತದೆ. ಇವು ಮೊಸರಲ್ಲ. ಓದಿದವಳಿಗೆ ಅದು ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

"ಸರ್, ತಪ್ಪು ನನ್ನದು. ಎಂಟು ವಾರ ಕೊಡಿ, ಬರೀ ಎಣ್ಣೆ ಕೊಟ್ಟು ಮತ್ತೆ ಪಳಗಿಸ್ತೀನಿ."

"ಶುಕ್ರವಾರ ಡಿಪೋದವರು, ಪೇಪರಿನವರು ಬರ್ತಿದಾರೆ ಕಣಮ್ಮಾ. ಎಂಟು ವಾರ ಅಂತೆ! ಇದ್ದದ್ದನ್ನೇ ಸುರಿ."

"ಇದು ಕೆಲ್ಸ ಮಾಡಲ್ಲ ಸರ್."

"ಜೊತೆಗೆ ಡಿಟರ್ಜೆಂಟ್ ಹಾಕು, ಮಾಡಿದ ಹಾಗೆ ಕಾಣುತ್ತೆ. ನಿನ್ನ ಗ್ರೀನ್ ಕಾರ್ಡ್ ಫೈಲ್ ನನ್ನ ಡ್ರಾಯರ್‌ನಲ್ಲೇ ಇದೆ, ನೆನಪಿದೆಯಾ?"

ಸುರಿದಳು. ನೊರೆ ಬಂತು, ಕ್ಯಾಮೆರಾ ಬಂತು, ಎಣ್ಣೆ ಒಡೆದು ನೆಲದ ಬಿರುಕಿಗಿಳಿಯಿತು. ನೂರಕ್ಕೆ ಎಂಬತ್ತೈದು ಪಾಲು ಶುದ್ಧ ಅನ್ನುವ ವರದಿಗೆ ಸಹಿ ಹಾಕಿದಳು. ಎರಡು ಸಲ ಓದಿಯೇ ಹಾಕಿದಳು. ಅದನ್ನು ಅವಳೇ ಹೇಳಿಕೊಳ್ಳುತ್ತಾಳೆ.

ಏಪ್ರಿಲಿನಲ್ಲಿ ಹಿಮ ಕರಗಿ ನೀರು ಮೇಲೆದ್ದಿತು. ನೀರಿನ ಜೊತೆ ಎಣ್ಣೆಯೂ ಎದ್ದಿತು. ಒಡೆಸ್ಸಾ ವರದಿಯ ನಕಲು ಹಿಡಿದು ಲ್ಯಾಬಿನ ಬಾಗಿಲಿಗೆ ಬಂದಳು.

"ಇದು ನಿನ್ನ ಹೆಸರು ತಾನೇ? ಓದಕ್ಕೆ ಬರಲ್ಲ ನಂಗೆ, ಇಷ್ಟುದ್ದ ಇದೆ."

"ನನ್ನದೇ."

"ಡಿಪೋದವರು ಇದನ್ನ ತೋರಿಸಿ, ಇನ್ನು ಒಂದು ಬಕೆಟ್ಟೂ ಎತ್ತಲ್ಲ ಅಂತಿದಾರೆ. ನನ್ನ ಮನೆ ತಿಂತಿರೋದು ಎಣ್ಣೆ ಅಲ್ಲ ಕಣೇ, ನಿನ್ನ ಸಹಿ."

ಆ ವಾರವೇ ಎಣ್ಣೆ ಸೋರಿದ್ದರ ಬಗ್ಗೆ ಟೌನ್ ಹಾಲಿನಲ್ಲಿ ನಡೆದ ವಿಚಾರಣೆಯಲ್ಲಿ ಪ್ರಭಾವತಿ ಎದ್ದು ನಿಂತಳು. ಹೆಪ್ಪು ಕೆಡಿಸಿದ್ದು ತಾನು, ಡಿಟರ್ಜೆಂಟ್ ಸುರಿದದ್ದು ತಾನು, ಅಂಕಿ ಸುಳ್ಳು, ಎಲ್ಲಾ ಹೇಳಿದಳು. ಜಯಸಿಂಹರೂ ಎದ್ದರು. ಹುಡುಗಿ ಜಾಡಿ ಮನೆಗೆ ಒಯ್ದು ಹಾಳು ಮಾಡಿದಳು, ನನಗೇನೂ ಗೊತ್ತಿಲ್ಲ ಅಂದರು. ಅವರ ಸಹಿಯೂ ಅದೇ ಪುಟದಲ್ಲಿ, ಅವಳ ಸಹಿಯ ಕೆಳಗೇ ಇತ್ತು. ಕೆಲಸ ಹೋಯಿತು, ಗ್ರೀನ್ ಕಾರ್ಡ್ ಫೈಲು ಡ್ರಾಯರಿನಲ್ಲೇ ಉಳಿಯಿತು, ಹನ್ನೊಂದು ವಾರದ ಸಂಬಳ ಜಾಡಿಯ ನಷ್ಟಕ್ಕೆ ಮುರಿದುಕೊಂಡರು. ಡಿಪೋದವರು ನಾಲ್ಕು ಮನೆ ತೊಳೆಸಿ ಕೈತೊಳೆದುಕೊಂಡರು. ಒಡೆಸ್ಸಾಳದು ಐದನೆಯದು.

ಈಗ ೧೯೭೮. ಪ್ರಭಾವತಿ ಬೇರೆ ರಾಜ್ಯದ ಸ್ಕೋಕಿಯಲ್ಲಿ, ಅವಳ ಕಾಗದಪತ್ರ ಹೊಸದಾಗಿ ಮಾಡಿಸಿಕೊಟ್ಟ ಒಂದು ಡೇರಿಯಲ್ಲಿ, ಹಾಲು ಪರೀಕ್ಷೆ ಮಾಡುತ್ತಾಳೆ. ಒಡೆಸ್ಸಾ ಅವಳನ್ನು ಕ್ಷಮಿಸಿಲ್ಲ. ಪ್ರಭಾವತಿ ಕ್ಷಮೆ ಕೇಳಿಯೂ ಇಲ್ಲ. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಬಂದು, ಒಡೆಸ್ಸಾಳ ಬೇಸ್‌ಮೆಂಟಿನ ನೀರು ಸೀಸೆಗೆ ತುಂಬಿ, ಅಂಕಿ ಬರೆದು ಟೌನ್ ಹಾಲಿಗೆ ಕಳಿಸುತ್ತಾಳೆ. ಈ ಅಂಕಿ ನಿಜದ್ದು.

ಪ್ರಭಾವತಿ ತನ್ನ ಅರ್ಧ ಹೇಳಿಯಾಗಿದೆ. ಉಳಿದರ್ಧ ಹೇಳಬೇಕಾದ ಜಯಸಿಂಹರು ಈ ಯುಗಾದಿಗೂ ಡೆಟ್ರಾಯಿಟ್‌ನ ಕನ್ನಡದವರಾದ ನಿಮ್ಮನ್ನು ಊಟಕ್ಕೆ ಕರೆಯುತ್ತಾರೆ. ಸೌತ್‌ಫೀಲ್ಡ್‌ನ ಆ ಮನೆಯ ಮೊಸರನ್ನ ಉಂಡವರೇ ನೀವೆಲ್ಲ. ಈ ಸಲ ಎಲೆ ಮುಂದೆ ಕೂರುವ ಮೊದಲು, ನಾಲ್ಕು ಜನರ ಎದುರಿಗೆ, ಜೋರಾಗಿ ಕೇಳಿ: ಹನ್ನೊಂದು ವಾರದ ಸಂಬಳ ಎಲ್ಲಿ, ಐದನೇ ಮನೆ ತೊಳೆಸೋದು ಯಾವಾಗ? ಉತ್ತರ ಬರುವ ತನಕ ಅನ್ನಕ್ಕೆ ಕೈ ಹಾಕಬೇಡಿ.